ಕೈಗುಣದ ರಿಪೇರಿ

ಮಾವಿನಕಾಯಿ ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ನಮ್ಮ ಓಣಿಯ ಹೆಂಗಸರು ಹೋಳು ಹೆಚ್ಚಿ, ಖಾರ ಕಲಸಿ, ಎಣ್ಣೆ ಕಾಸಿ ಆರಿಸಿ, ಎಲ್ಲ ಮಾಡಿ ಮುಗಿಸಿ, ಕಡೆಗೆ ಉಪ್ಪು ಹಾಕುವುದಕ್ಕೆ ಮಾತ್ರ ನನ್ನನ್ನು ಕರೆಯುತ್ತಾರೆ. ಗಂಗವ್ವನ ಕೈಯಿಂದ ಉಪ್ಪು ಬಿದ್ದರೆ ವರ್ಷಪೂರ್ತಿ ಬೂಷ್ಟು ಹಿಡಿಯುವುದಿಲ್ಲವಂತೆ. ಇದರಿಂದ ನನಗೆ ಹೆಮ್ಮೆಯೂ ಇಲ್ಲ, ಬೇಸರವೂ ಇಲ್ಲ. ಹೋದರೆ ಒಂದು ಬಟ್ಟಲು ಉಪ್ಪಿನಕಾಯಿ ಸಿಗುತ್ತದೆ, ಹೋಗುತ್ತೇನೆ. ಆದರೆ ನಿಮ್ಮ ಮುಂದೆ ಖರೇ ಹೇಳಬೇಕೆಂದರೆ, ಉಪ್ಪು ಹಾಕುವ ಮೊದಲು ನಾನು ಭರಣಿಯೊಳಗೆ ಕೈ ಇಳಿಸಿ ಒಂದು ಸುತ್ತು ತಡವಿ ನೋಡುತ್ತೇನೆ, ತಳ ಹಸಿ ಇದ್ದರೆ ಮತ್ತೆ ಬಿಸಿಲಿಗಿಡಿ ಅನ್ನುತ್ತೇನೆ. ಅಷ್ಟೇ ನನ್ನ ಕೈಗುಣ. ಇದನ್ನು ಬಾಯಿಬಿಟ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಜನರಿಗೆ ಒಣಗಿದ ಭರಣಿಗಿಂತ ಒಳ್ಳೆಯ ಕೈಯ ಮೇಲೆ ಪ್ರೀತಿ ಜಾಸ್ತಿ.

ಇರಲಿ, ಯಾರಿಗೇನು ನಷ್ಟ ಅಂತೀರಿ. ನಷ್ಟ ಇದೆ ನೋಡ್ರಿ. ಒಳ್ಳೆಯ ಕೈ ಅಂತ ಒಂದು ಇದೆ ಅಂದಮೇಲೆ ಕೆಟ್ಟ ಕೈ ಅಂತಲೂ ಒಂದು ಇರಲೇಬೇಕಾಗುತ್ತದೆ, ಮತ್ತು ಅದನ್ನು ಯಾರದಾದರೂ ತೋಳಿಗೆ ಜೋಡಿಸಲೇಬೇಕಾಗುತ್ತದೆ. ನನ್ನ ಪುಣ್ಯ, ನನಗೆ ಒಳ್ಳೆಯದು ಬಂತು. ಶಕುಂತಲೆಗೆ ಇನ್ನೊಂದು ಬಂತು. ಅದೂ ಉಪ್ಪಿನಕಾಯಿಯಿಂದಲ್ಲ, ಕಂಪ್ಯೂಟರಿನಿಂದ.

ಕಮರಿಪೇಟೆಯಲ್ಲಿ ಒಂದು ಪ್ರೆಸ್ಸು ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಸತ್ತವರ ಪುಣ್ಯಸ್ಮರಣೆಯ ಪತ್ರಿಕೆ, ಇವೇ ಅಲ್ಲಿನ ಕೆಲಸ. ನಾನು ಕಾರ್ಡು ಮಡಚುವುದು, ಪಾಕೀಟಿಗೆ ತುಂಬುವುದು, ಕಟ್ಟು ಕಟ್ಟುವುದು ಮಾಡುತ್ತಿದ್ದೆ. ಶಕುಂತಲಾ ಗಂಡ ಸತ್ತ ಮೇಲೆ ಎಳೆಯ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಸೇರಿದವಳು. ಆಗ ಇನ್ನೂ ಸೀಸದ ಮೊಳೆಗಳ ಕಾಲ. ಕಟ್ಟಿಗೆಯ ಖಾನೆಗಳಿಂದ ಒಂದೊಂದೇ ಅಕ್ಷರ ಹೆಕ್ಕಿ, ಉಲ್ಟಾ ಜೋಡಿಸಿ, ಸುಲ್ಟಾ ಓದಬೇಕು. ಅವಳ ಬೆರಳ ತುದಿ ಮಸಿ ಹಿಡಿದು ಹಿಡಿದು ಸಾಬೂನಿಗೂ ಬಗ್ಗದಂತಾಗಿತ್ತು. ತೊಂಬತ್ತರ ಆಚೆ ಈಚೆ ಕಂಪ್ಯೂಟರು ಬಂದು ಮೊಳೆಗಳು ಗುಜರಿಗೆ ಹೋದವು, ಜೋಡಿಸುವವರೂ ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಶಕುಂತಲಾ ಹೋಗಲಿಲ್ಲ. ಮಾಲಕರಾದ ಬಸಣ್ಣನವರಿಗೆ, ನನಗೂ ಇದನ್ನ ಕಲಸ್ರಿ, ಬರದಿದ್ರ ಆಮ್ಯಾಲೆ ಹೊರಗ ಹಾಕ್ರಿ ಅಂದಳು. ಬಸಣ್ಣನವರು ಕಲಿಸಿದರು. ಮನುಷ್ಯ ಒಳ್ಳೆಯವರು, ಮುಂದೆ ನಾನು ಏನೇ ಹೇಳಿದರೂ ಇದನ್ನು ಮರೆಯಬೇಡಿ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಶಕುಂತಲೆಯ ಮಗಳು ಸವಿತಾಳಿಗೆ ಗಂಡು ಗೊತ್ತಾಗಿತ್ತು, ತುಳಸಿ ಲಗ್ನ ಮುಗಿದ ಮೇಲೆ ಮದುವೆ. ಗಂಡ ಇಲ್ಲದ ಹೆಂಗಸಿಗೆ ಮಗಳ ಮದುವೆಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಮ್ಮ ಮಂದಿ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲಿ ನಿಲ್ಲಬಾರದು ಅನ್ನುವುದು ಎಲ್ಲರಿಗೂ ಬಾಯಿಪಾಠ. ನೂಲು ಹಿಡಿದು ಸುರಗಿ ಸುತ್ತುವಾಗ ಹಿಂದೆ ಸರಿಯಬೇಕು, ಆರತಿಯ ಹೊತ್ತಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗಬೇಕು. ಅವಳಿಗೆ ಇದೆಲ್ಲ ಗೊತ್ತಿತ್ತು, ಅದಕ್ಕೆ ಅತ್ತದ್ದನ್ನು ನಾನು ಕಂಡಿಲ್ಲ. ಒಂದೇ ಒಂದು ಹಟ ಹಿಡಿದಿದ್ದಳು, ಅದನ್ನು ನನ್ನ ಮುಂದೆ ಹೇಳಿದ್ದಳು.

"ಚಿಗವ್ವಾ, ಸವಿತಾನ ಕಾರ್ಡ ಮಾತ್ರ ನಾನ ಮಾಡಾಕಿ. ಒಂದ ಅಕ್ಷರಾನೂ ಮಂದಿ ಕೈಗೆ ಕೊಡೂದಿಲ್ಲ."

ಊರ ಮಂದಿಯ ಮಕ್ಕಳ ಪತ್ರಿಕೆಗಳನ್ನೆಲ್ಲ ಮಾಡಿದವಳು, ಇಷ್ಟು ಕೇಳಿದರೆ ಹೆಚ್ಚೇನು ಅಂತ ನನಗೂ ಅನ್ನಿಸಿತು.

ಆ ದಸರೆಯ ಹೊತ್ತಿಗೆ, ಹೊಸ ಹೊಸ ಅಕ್ಷರದ ನಮೂನೆ ಬೇಕು ಅಂತ ಗಿರಾಕಿಗಳು ಕೇಳುತ್ತಿದ್ದರೆಂದು, ಬಸಣ್ಣನವರು ಕನ್ನಡ ಅಕ್ಷರದ ಸಾಫ್ಟ್‌ವೇರಿನ ಹೊಸ ಆವೃತ್ತಿ ತರಿಸಿದರು. ದೇಶಪಾಂಡೆ ನಗರದ ಕಡೆಯ ಅಂಗಡಿಯವನೊಬ್ಬ ಬಂದು, ತನ್ನ ಸಿಡಿ ತುರುಕಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಸಿಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಶಕುಂತಲಾ ಅದರಲ್ಲಿ ಕೆಲಸ ಮಾಡಿದಳು, ಛಲೋ ಇತ್ತು. ಆಮೇಲೆ ಖಂಡೇಪೂಜೆ ಬಂತು. ದುಡಿಯುವ ಸಾಮಾನಿಗೆಲ್ಲ ಅವತ್ತು ಪೂಜೆ. ನಮ್ಮ ಪ್ರೆಸ್ಸಿನ ಪದ್ಧತಿ ಅಂದರೆ ಹಿಂದಿನ ದಿನ ಯಂತ್ರಗಳನ್ನು ಮಾಲಕರು ತಮ್ಮ ಕೈಯಿಂದಲೇ ಸ್ವಚ್ಛ ಮಾಡಬೇಕು, ಆಳುಗಳಿಗೆ ಬಿಡುವಂತಿಲ್ಲ. ಬಸಣ್ಣನವರು ಅಂಗಿ ತೋಳು ಮಡಚಿ ಕಟಿಂಗ್ ಮಷೀನು ತಿಕ್ಕಿದರು, ಪ್ರಿಂಟಿಂಗ್ ಮಷೀನಿಗೆ ಎಣ್ಣೆ ಬಿಟ್ಟರು, ಕಂಪ್ಯೂಟರನ್ನೂ ಅವರೇ ನೋಡಿಕೊಂಡರು. ಮರುದಿನ ಎಲ್ಲದಕ್ಕೂ ವಿಭೂತಿ, ಚೆಂಡು ಹೂವಿನ ಮಾಲೆ, ಕುಂಬಳಕಾಯಿ.

ಹಬ್ಬ ಮುಗಿಸಿ ಬಂದ ಶಕುಂತಲಾ ಕಂಪ್ಯೂಟರು ಹಚ್ಚಿ, ಪರದೆಯ ಮೇಲಿನ ಆ ಸಾಫ್ಟ್‌ವೇರಿನ ಚಿತ್ರವನ್ನು ಒತ್ತಿದಳು. ಅಕ್ಷರ ತೆರೆಯುವ ಬದಲು ಒಂದು ಸಣ್ಣ ಚೌಕ ಬಂತು. ತಡೆಯಿರಿ, ತಯಾರಿ ನಡೆದಿದೆ ಅಂತ ಇಂಗ್ಲಿಷಿನಲ್ಲಿ. ಒಂದು ನೀಲಿ ಪಟ್ಟಿ ಆಮೆಯ ಹಾಗೆ ಸ್ವಲ್ಪ ದೂರ ಹೋಗಿ ನಿಂತು, ಸಿಡಿ ಹಾಕಿರಿ ಅಂದಿತು. ಸಿಡಿ ಎಲ್ಲಿಂದ ತರಬೇಕು. ಬೇಡ ಅಂತ ಒತ್ತಿದರೆ ಬಂದ ದಾರಿಯಲ್ಲಿ ಹಿಂದೆ ಸರಿದು, ಮತ್ತೆ ಮೊದಲಿನಿಂದ ಶುರು. ಹೀಗೆ ಕಾಡಿಸಿ ಬೇಡಿಸಿ ಕಡೆಗೊಮ್ಮೆ ತೆರೆದುಕೊಂಡಿತು. ಅಷ್ಟರಲ್ಲಿ ಗಿರಾಕಿ ಎದ್ದು ನಿಂತು ಗಡಿಯಾರ ನೋಡುತ್ತಿದ್ದ.

ಬಸಣ್ಣನವರ ತಂಗಿಯ ಮಗ ಮಂಜುನಾಥ ಅಂತ ಇದ್ದ. ಮದುವೆಯಾಗಿ ಮಕ್ಕಳಾದ ಗಂಡಸು, ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವನು, ಶಕುಂತಲಾ ಇಲ್ಲದ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಕೂರುವವನು. ಅವನು ಕುಂತರೆ ಚೌಕವೂ ಇಲ್ಲ, ಪಟ್ಟಿಯೂ ಇಲ್ಲ, ಚಿಟಿಕೆ ಹೊಡೆಯುವುದರೊಳಗೆ ತೆರೆಯುತ್ತಿತ್ತು. ಅವನು ಎದ್ದು ಇವಳು ಕುಂತರೆ ಮತ್ತೆ ಚೌಕ. ಮರುದಿನವೂ ಹಾಗೆಯೇ, ಅದರ ಮರುದಿನವೂ.

"ಅಕ್ಕಾ, ನೀ ಮೌಸ್ ಮುಟ್ಟಿದಿ ಅಂದ್ರ ಅದಕ್ಕ ಜ್ವರಾನ ಬರ್ತಾವ ನೋಡು," ಅಂದ ಮಂಜುನಾಥ.

"ಹಂಗಾರ ನೀ ಡಾಕ್ಟರ ಅಲ್ಲೇನ, ಇಳಿಸು," ಅಂದಳು ಶಕುಂತಲಾ.

ಎಲ್ಲರೂ ನಕ್ಕೆವು. ಅವನು ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಆದರೆ ಆ ಹೊತ್ತಿಗೆ ಮದುಮಗಳ ತಂದೆಯೊಬ್ಬ ಕಾರ್ಡಿನ ನಮೂನೆ ನೋಡುತ್ತ ಅಲ್ಲಿಯೇ ಕುಂತಿದ್ದ. ಅವನು ನಗಲಿಲ್ಲ. ಶಕುಂತಲೆಯ ಹಣೆಯನ್ನೊಮ್ಮೆ ನೋಡಿ, ಹೋಗುವಾಗ ಮಾಲಕರ ಹತ್ತಿರ ತಗ್ಗಿದ ದನಿಯಲ್ಲಿ, "ನಮ್ಮ ಕಾರ್ಡ ಯಾರ ಕೈಲೆ ಮಾಡಸ್ತೀರಿ?" ಅಂತ ಕೇಳಿದ. ಗಾಳಿಗೆ ಬಿಟ್ಟ ಮಾತು ಎಲ್ಲಿ ಹೋಗಿ ಕೂರುತ್ತದೆ ಅಂತ ಆಡಿದವನಿಗೆ ಗೊತ್ತಿರುವುದಿಲ್ಲ.

ಬಸಣ್ಣನವರು ಅಂಗಡಿಯವನಿಗೆ ಫೋನು ಮಾಡಿದರು. ಹಾಕಿದ ದಿನ ಛಲೋ ಇತ್ತಲ್ರಿ, ನಿಮ್ಮವರಽ ಯಾರೋ ಏನೋ ಮಾಡ್ಯಾರ ಅಂತ ಆ ಕಡೆಯಿಂದ ಬಂತು. ನಿಮ್ಮವರು ಅಂದರೆ ಯಾರು? ದಿನಾ ಕೂರುವವಳು ಒಬ್ಬಳೇ. ಅಲ್ಲಿಂದ ಮುಂದೆ ಯಾರೂ ಏನೂ ಹೇಳದೆಯೇ ಒಂದು ವ್ಯವಸ್ಥೆ ಆಯಿತು. ಲಗ್ನಪತ್ರಿಕೆಗಳ ಕಾಗದಗಳು ಮಂಜುನಾಥನ ಮೇಜಿಗೆ ಹೋಗತೊಡಗಿದವು, ಪುಣ್ಯಸ್ಮರಣೆಯವು ಶಕುಂತಲೆಯ ಪಾಲಿಗೆ ಉಳಿದವು. ಸತ್ತವರ ಹೆಸರನ್ನು ಎಷ್ಟು ಬೇಕಾದರೂ ಮುಟ್ಟಲಿ, ಅವರಿಗೆ ಇನ್ನೇನಾಗಬೇಕಾಗಿದೆ.

ಒಂದು ದಿನ ಬಸಣ್ಣನವರು ನೆಲ ನೋಡುತ್ತ ಹೇಳಿದರು. "ಶಕುಂತಲಾ, ಸವಿತಾನ ಕಾರ್ಡೂ ಮಂಜ್ಯಾನ ಮಾಡ್ಲಿ ತಗೋ. ಲಗ್ನದ ಮನಿ, ನಿನಗ ಕೆಲಸ ಭಾಳ ಇರ್ತಾವ."

ಅವಳು ಮುಂದಿದ್ದ ಪುಣ್ಯಸ್ಮರಣೆಯ ಕಾಗದ ಎಳೆದುಕೊಂಡಳು. ನಾನು ಸುಮ್ಮನಿರುವ ಪೈಕಿ ಅಲ್ಲ.

"ಯಾರ ಹಣಿಮ್ಯಾಲೆ ಕುಂಕುಮ ಐತಿ, ಯಾರ ಹಣಿಮ್ಯಾಲೆ ಇಲ್ಲ ಅಂತ ಮಷೀನಿಗೆ ಕಾಣಸೂದಿಲ್ಲ ಮಾಲಕರಽ," ಅಂದೆ.

"ನನಗೂ ಗೊತ್ತೈತಿ ಗಂಗವ್ವ. ಆದ್ರ ಗಿರಾಕಿಗೆ ಏನ ಹೇಳ್ಲಿ? ಆಕಿ ಕುಂತಾಗಷ್ಟ ಆಗತೈತಿ, ನೀನ ನೋಡೀದಿ."

ನಾನು ನೋಡಿದ್ದೆ. ಅದೇ ತೊಂದರೆ. ಸುಳ್ಳು ಆಗಿದ್ದರೆ ಜಗಳ ಆಡಬಹುದಿತ್ತು. ಕಣ್ಣಿಗೆ ಕಂಡದ್ದು ಖರೇ ಇತ್ತು, ಅದಕ್ಕೆ ಕೊಟ್ಟ ಅರ್ಥ ಮಾತ್ರ ಹುಳುಕು. ಇಂಥದ್ದರ ಜೊತೆ ಹೇಗೆ ಜಗಳ ಆಡಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವಳೂ ನಂಬತೊಡಗಿದ್ದು. ಮುಟ್ಟುವ ಮೊದಲು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದಳು. ಬೆರಳನ್ನು ಒಲೆಯ ಮೇಲಿನ ಹಂಚಿಗೆ ತಾಗಿಸುವಂತೆ ಮೌಸಿಗೆ ತಾಗಿಸಿ ಹಿಂದೆ ತೆಗೆಯುತ್ತಿದ್ದಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕುಂತಾಗ ತನ್ನ ಅಂಗೈ ನೋಡಿಕೊಳ್ಳುತ್ತ ಕೇಳಿದಳು.

"ಚಿಗವ್ವಾ, ಖರೇನ ನನ್ನ ಕೈಯಾಗ ಏನರ ಐತೇನ ಬೇ?"

"ಪಲ್ಯಾದ ಎಣ್ಣಿ ಐತಿ. ಒರಸ್ಕೊಂಡ ಉಣ್ಣು," ಅಂದೆ. ಸಿಟ್ಟು ಬಂದಿತ್ತು ನನಗೆ, ಯಾರ ಮೇಲೆ ಅಂತ ತಿಳಿಯದ ಸಿಟ್ಟು.

ಧಾರವಾಡದ ಯಾವುದೋ ಕಾಲೇಜಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕುಲಕರ್ಣಿಯವರು ಅಂತ ಒಬ್ಬರು, ಮಗಳ ಹಾಡಿನ ಕಾರ್ಯಕ್ರಮದ ಪತ್ರಿಕೆ ಮಾಡಿಸಲು ಬಂದದ್ದು ಆ ದಿನಗಳಲ್ಲೇ. ಅದು ಹಾಡಿನ ಪತ್ರಿಕೆ, ಶುಭವೋ ಅಶುಭವೋ ಅಂತ ನಮ್ಮ ವ್ಯವಸ್ಥೆಯಲ್ಲಿ ಇನ್ನೂ ತೀರ್ಮಾನ ಆಗಿರಲಿಲ್ಲವಾದ್ದರಿಂದ ಶಕುಂತಲೆಯ ಕೈಗೆ ಬಂತು. ಚೌಕ ಬಂತು. ಅವಳು ಮುಖ ಸಣ್ಣದು ಮಾಡಿಕೊಂಡು ಎದ್ದು, ಮಂಜುನಾಥನನ್ನು ಕರೆದಳು. ಅವನು ಬಂದು ತೆರೆದುಕೊಟ್ಟ. ಉಳಿದ ಗಿರಾಕಿಗಳಾಗಿದ್ದರೆ ಹಣೆ ನೋಡುತ್ತಿದ್ದರು. ಇವರು ಪರದೆ ನೋಡಿದರು.

"ಇನ್ನೊಮ್ಮೆ ಮುಚ್ಚಿ ತಗೀರಿ, ಅವಸರ ಬ್ಯಾಡ. ನೀವು ದಿನಾ ಹ್ಯಾಂಗ ತಗೀತೀರಿ, ಹಂಗ. ನಾ ಬರೇ ನೋಡ್ತೇನಿ," ಅಂತ ಸ್ಟೂಲು ಎಳೆದುಕೊಂಡು ಕುಂತರು. ಇವಳು ಚಿತ್ರ ಒತ್ತಿದಳು, ಚೌಕ ಬಂತು. ಆಮೇಲೆ ಮಂಜುನಾಥನಿಗೂ ತನ್ನ ರೂಢಿಯಂತೆ ತೆರೆಯಲು ಹೇಳಿದರು. ಅವನು ಚಿತ್ರದ ಕಡೆ ಹೋಗಲೇ ಇಲ್ಲ. ಕಂಪ್ಯೂಟರಿನ ಒಳಗೆ ಒಂದರಲ್ಲೊಂದು ಇಳಿಯುತ್ತ ಹೋಗಿ, ಸಾಫ್ಟ್‌ವೇರು ಇರುವ ಜಾಗದಲ್ಲೇ ಅದನ್ನು ಒತ್ತಿ ತೆರೆದ. ಕ್ಲಾಸಿನಲ್ಲಿ ಹಾಗೆ ಕಲಿಸಿದ್ದರಂತೆ.

ಕುಲಕರ್ಣಿಯವರು ಸ್ವಲ್ಪ ನಕ್ಕರು. "ಇಬ್ಬರೂ ಬ್ಯಾರೆ ಬ್ಯಾರೆ ಬಾಗಲಲೆ ಒಳಗ ಹೋಗ್ಲಿಕತ್ತೀರಿ. ಈಗ ಅದಲಿಬದಲಿ ಮಾಡ್ರಿ. ನೀವು ಇವರ ಬಾಗಲಲೆ ಹೋಗ್ರಿ, ಇವರು ನಿಮ್ಮ ಬಾಗಲಲೆ ಬರ್ಲಿ."

ಮಂಜುನಾಥ ಚಿತ್ರ ಒತ್ತಿದ. ತಡೆಯಿರಿ, ತಯಾರಿ ನಡೆದಿದೆ. ನೀಲಿ ಪಟ್ಟಿ ಅವನ ಮುಂದೆಯೂ ಅದೇ ಆಮೆಯ ನಡಿಗೆಯಲ್ಲಿ ಹೊರಟು, ಅದೇ ಜಾಗದಲ್ಲಿ ನಿಂತು, ಅದೇ ಸಿಡಿ ಕೇಳಿತು. ಆಮೇಲೆ ಶಕುಂತಲಾ, ಅವನು ಇಳಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಇಳಿದು ಹೋಗಿ ಒತ್ತಿದಳು. ಚಿಟಿಕೆ ಹೊಡೆಯುವುದರೊಳಗೆ ತೆರೆಯಿತು. ಅವಳು ಅದನ್ನು ಮುಚ್ಚಿ ಮತ್ತೆ ತೆರೆದಳು, ಮುಚ್ಚಿ ಮತ್ತೆ ತೆರೆದಳು.

"ಜ್ವರಾ ನಿನಗೂ ಬಂದುವಲ್ಲೋ ಮಂಜ್ಯಾ," ಅಂದೆ ನಾನು. ಇಲ್ಲದಿದ್ದರೆ ಯಾರು ಅನ್ನಬೇಕು.

ಕುಲಕರ್ಣಿಯವರು ತಿಳಿಸಿ ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು. ಹೊಸ ಸಾಫ್ಟ್‌ವೇರು ಮನೆಗೆ ಬರುವಾಗ ತಲಬಾಗಿಲಿಗೆ ಒಬ್ಬ ಕಾವಲುಗಾರನನ್ನೂ ಕರೆದುಕೊಂಡು ಬಂದಿದೆ. ಆ ಚಿತ್ರವೇ ತಲಬಾಗಿಲು. ಯಾರು ಆ ಬಾಗಿಲಿಗೆ ಬಂದರೂ ಅವನು ತಡೆದು, ಒಳಗೆ ಹೋಗಿ ತಾನು ತಂದಿಟ್ಟ ಸಾಮಾನೆಲ್ಲ ಇದ್ದಲ್ಲೇ ಇದೆಯೋ ಇಲ್ಲವೋ ನೋಡಿ ಬರುತ್ತಾನೆ. ಇದ್ದರೆ ಮಾತಿಲ್ಲದೆ ಒಳಗೆ ಬಿಡುತ್ತಾನೆ. ಒಂದು ಕಡಿಮೆ ಇದ್ದರೂ, ಕಡಿಮೆಯಾದದ್ದು ಕೆಲಸಕ್ಕೆ ಬೇಕೋ ಬೇಡವೋ ಅಂತ ಕೇಳದೆ, ಮನೆ ಕೆಟ್ಟಿದೆ ಅಂತ ರಿಪೇರಿಗೆ ನಿಲ್ಲುತ್ತಾನೆ. ರಿಪೇರಿಗೆ ಸಾಮಾನು ಸಿಡಿಯಲ್ಲಿ, ಸಿಡಿ ಅಂಗಡಿಯವನ ಚೀಲದಲ್ಲಿ. ಮಂಜುನಾಥ ಹಿತ್ತಲ ಬಾಗಿಲಿನಿಂದ ಹೋಗುವವನು, ಅಲ್ಲಿ ಕಾವಲಿಲ್ಲ.

"ಏನೋ ಒಂದು ಇದ್ದಲ್ಲಿ ಇಲ್ಲ," ಅಂದರು. "ಹೊಸಾದು ಹಾಕಿದ ಮ್ಯಾಲೆ ಯಾರರ ಒಳಗಿಂದ ಏನರ ತಗದೀರೇನು?"

ಶಕುಂತಲಾ ಇಲ್ಲ ಅಂದಳು. ಮಂಜುನಾಥ ಇಲ್ಲ ಅಂದ. ಬಸಣ್ಣನವರು ಮಾತ್ರ ಹೆಮ್ಮೆಯಿಂದ ಮುಂದೆ ಬಂದರು. "ಒಳಗ ಹೊಲಸ ಇರಾಕ ಸಾಧ್ಯನ ಇಲ್ರಿ. ಖಂಡೇಪೂಜಿ ಮುಂದ ನಾನ ಕೈಯಾರೆ ಸ್ವಚ್ಛ ಮಾಡೇನಿ. ಬರೇ ಹೊರಗಿಂದಷ್ಟ ಅಲ್ಲ, ಒಳಗಿಂದೂ."

"ಒಳಗಿಂದು ಅಂದ್ರ?"

"ಖಾಲಿ ಇದ್ದುವೆಲ್ಲಾ ತಗದ ಒಗದೇನ್ರಿ. ಒಂದಿಷ್ಟ ಫೋಲ್ಡರ ಇದ್ದುವು, ಒಳಗ ಏನೂ ಇದ್ದಿದ್ದಿಲ್ಲ. ಪೂಜಿ ದಿನ ಬ್ಯಾಡಾದ್ದು ಯಾಕ ಇರಬೇಕು ಅಂತ."

ಹೇಳುತ್ತ ಹೇಳುತ್ತಲೇ ಅವರ ದನಿ ಸಣ್ಣದಾಯಿತು. ಕುಲಕರ್ಣಿಯವರು ಚಷ್ಮಾ ತೆಗೆದು ಪಂಚೆಗೆ ಒರೆಸಿಕೊಂಡರು. ಅವರ ಸೌಜನ್ಯ ಅದು; ಅಷ್ಟು ಹೊತ್ತು ಒರೆಸುವಂಥದ್ದು ಆ ಚಷ್ಮಾದಲ್ಲಿ ಏನೂ ಇರಲಿಲ್ಲ.

ಆ ಖಾಲಿ ಫೋಲ್ಡರುಗಳಲ್ಲಿ ಒಂದು, ಮುಂದೆ ನಾವೇ ಬರೆದುಕೊಳ್ಳುವ ನಮೂನೆಗಳನ್ನು ಇಡಲಿ ಅಂತ ಹೊಸ ಸಾಫ್ಟ್‌ವೇರು ಕಟ್ಟಿಸಿಟ್ಟ ಕೋಣೆ, ನಮ್ಮ ಮಾತಿನಲ್ಲಿ ಕೋಲಿ, ಅಂತ ಅವರು ಹೇಳಿದರು. ಇನ್ನೂ ಯಾರೂ ಏನೂ ಇಟ್ಟಿರಲಿಲ್ಲ, ಅದಕ್ಕೆ ಖಾಲಿ. ಕಾವಲುಗಾರನ ಲೆಕ್ಕದಲ್ಲಿ ಅದೂ ಒಂದು ಕೋಲಿ. ನಾನು ಆ ದಿನ ಮನೆಗೆ ನಡೆದು ಹೋಗುವಾಗ ಇದನ್ನೇ ಯೋಚಿಸಿದೆ. ಖಾಲಿ ಇದ್ದದ್ದನ್ನು ಕಂಡರೆ ನಮಗೆ ಯಾಕೆ ಕೈ ತುರಿಸುತ್ತದೋ. ಖಾಲಿ ಹಣೆ ಕಂಡರೂ ಅಷ್ಟೇ, ಬೇಡವಾದದ್ದು ಅಂತ ಬದಿಗೆ ಸರಿಸುತ್ತೇವೆ, ಅದೂ ಹಬ್ಬದ ದಿನ ನೋಡಿ. ತೆಗೆದುಹಾಕಿದ ಮೇಲೆ ಇಡೀ ಮನೆ ಯಾಕೆ ಕುಂಟುತ್ತಿದೆ ಅಂತ ತಿಳಿಯದೆ ಕಂಡ ಕಂಡವರ ಕೈ ಪರೀಕ್ಷೆ ಮಾಡುತ್ತೇವೆ. ಇನ್ನೊಂದು ಮಾತು. ಯಾರು ಮುಟ್ಟಿದಿರಿ ಅಂತ ಇಷ್ಟು ದಿನ ಎಲ್ಲರೂ ಕೇಳಿದ್ದೇ ಕೇಳಿದ್ದು, ಆ ಯಾರು ಅನ್ನುವುದರೊಳಗೆ ಮಾಲಕರೂ ಬರುತ್ತಾರೆ ಅಂತ ನಮಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಪೂಜೆಗೆ ಅಂತ ಮಾಡಿದ್ದು ಮುಟ್ಟಿದ ಲೆಕ್ಕಕ್ಕೇ ಬಂದಿರಲಿಲ್ಲ.

ಆ ಕಾವಲುಗಾರನ ಮೇಲೂ ನನಗೆ ಸಿಟ್ಟು ಉಳಿಯಲಿಲ್ಲ. ನಮ್ಮ ಅತ್ತೆ ಹಾಗೇ ಇದ್ದಳು. ನಾನು ತವರಿನಿಂದ ಬಂದರೆ ಹೊಸ್ತಿಲು ದಾಟುವ ಮೊದಲೇ ನನ್ನ ಬುಟ್ಟಿಯ ಸಾಮಾನು ಎಣಿಸಿ, ಒಂದು ಕಡಿಮೆ ಕಂಡರೆ ಇಡೀ ದಿನ ಅದನ್ನೇ ಸರಿ ಮಾಡಲು ನಿಲ್ಲುತ್ತಿದ್ದಳು, ನೀರು ಬೇಕೇನು ಅಂತಲೂ ಕೇಳುತ್ತಿರಲಿಲ್ಲ. ಸರಿ ಮಾಡುವವರ ಕಾಟ ಕೆಡಿಸುವವರ ಕಾಟಕ್ಕಿಂತ ಕಡಿಮೆಯೇನಲ್ಲ. ಆದರೆ ಪಾಪ, ಆ ಚೌಕಕ್ಕೂ ಯಾರೂ ಕೆಲಸ ಪೂರ್ತಿ ಮಾಡಗೊಟ್ಟಿರಲಿಲ್ಲ. ಅದು ಕೇಳಿದ್ದನ್ನು ಕೊಡದೆ, ಬೇಡ ಬೇಡ ಅಂತ ಒತ್ತಿ ಒತ್ತಿ ಹಿಂದಕ್ಕೆ ಅಟ್ಟುತ್ತಿದ್ದೆವು. ಹಿಂದಕ್ಕೆ ಹೋದದ್ದು ಮತ್ತೆ ಬರದೆ ಏನು ಮಾಡೀತು.

ಮರುದಿನ ಕುಲಕರ್ಣಿಯವರು ಕಾಲೇಜಿನಲ್ಲಿದ್ದ ಅದೇ ಸಾಫ್ಟ್‌ವೇರಿನ ಸಿಡಿ ತಂದರು. ಶಕುಂತಲೆಯನ್ನೇ ಕೂರಿಸಿ ಚಿತ್ರ ಒತ್ತಿಸಿದರು, ಚೌಕ ಬಂದಾಗ ಬೇಡ ಅನ್ನಲು ಹೋದ ಬೆರಳನ್ನು ತಡೆದರು. ಅದು ಕೇಳಿದ ಸಿಡಿ ಹಾಕಿದರು. ನೀಲಿ ಪಟ್ಟಿ ಎಂದೂ ದಾಟದ ಜಾಗ ದಾಟಿ, ಕಡೆಯ ತನಕ ಹೋಗಿ ಮಾಯವಾಯಿತು. ಆ ಕೋಲಿ ಒಳಗೆ ಮತ್ತೆ ಎದ್ದು ನಿಂತಿತ್ತು, ಮೊದಲಿನ ಹಾಗೆ ಖಾಲಿಯಾಗಿ. ಕಂಪ್ಯೂಟರು ಆರಿಸಿ ಹಚ್ಚಿ ಮತ್ತೆ ಒತ್ತಿಸಿದರು. ತಲಬಾಗಿಲಿನಿಂದಲೇ ಸೀದಾ ಒಳಗೆ ಹೋದಳು.

ಕ್ಷಮೆ ಗಿಮೆ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ನಮ್ಮ ಕಡೆಯ ಗಂಡಸರಿಗೆ ಅದು ಬಾಯಲ್ಲಿ ಬರುವುದಿಲ್ಲ, ಬೇರೆ ಎಲ್ಲಿಂದಾದರೂ ಬರಬೇಕು. ಬಸಣ್ಣನವರು ಎದ್ದು ಹೋಗಿ, ಮಂಜುನಾಥನ ಮೇಜಿನ ಮೇಲಿದ್ದ ಲಗ್ನಪತ್ರಿಕೆಯ ಕಾಗದಗಳನ್ನು ಎರಡೂ ಕೈಯಿಂದ ಎತ್ತಿ ತಂದು ಶಕುಂತಲೆಯ ಮುಂದೆ ಇಟ್ಟರು. ಎಲ್ಲಕ್ಕಿಂತ ಮೇಲೆ ಸವಿತಾಳದು ಇತ್ತು.

"ಅಂವಾ ಇನ್ನೂ ಚಾಲೂ ಮಾಡಿಲ್ಲ," ಅಂದರು.

"ಮಾಡಿದ್ರೂ ಅಳಿಸಿ ಮತ್ತ ಮಾಡ್ತಿದ್ದೆ," ಅಂದಳು ಅವಳು.

ಆ ಸಂಜೆಯೊಳಗೆ ಕಾರ್ಡು ಮುಗಿಸಿದಳು. ಕರೆಯುವವರ ಹೆಸರಿನ ಜಾಗದಲ್ಲಿ ಮನೆಯವರು ಅವಳ ಮೈದುನನ ಹೆಸರು ಬರೆದು ಕೊಟ್ಟಿದ್ದರು. ಅದರ ಮೇಲೆ ತನ್ನದನ್ನು ಸೇರಿಸಿದಳು, ಯಾರನ್ನೂ ಕೇಳಲಿಲ್ಲ. ಮೊದಲ ಪ್ರತಿ ಹೊರಬಿದ್ದ ಕೂಡಲೇ ಬಸಣ್ಣನವರು ಅರಿಷಿಣ ಕಲಸಿದ ಬಟ್ಟಲು ತಂದು, ನಾಲ್ಕೂ ಮೂಲೆಗೆ ನೀನೇ ಹಚ್ಚು ಅಂದರು. ಲಗ್ನಪತ್ರಿಕೆಗೆ ಹಚ್ಚುವುದು ಮುತ್ತೈದೆಯರ ಕೆಲಸ, ಪ್ರೆಸ್ಸಿನಲ್ಲಿ ಆತನಕ ಅವರ ಹೆಂಡತಿಯೇ ಬಂದು ಹಚ್ಚುತ್ತಿದ್ದಳು. ನಾನು ಈಗ ಇವಳು ಅಳುತ್ತಾಳೆ ಅಂದುಕೊಂಡು ಬೇರೆ ಕಡೆ ನೋಡಿದೆ.

"ತಡೀರಿ, ಮೊದಲ ತಪ್ಪ ನೋಡ್ತೇನಿ," ಅಂದಳು. ಪೆನ್ಸಿಲು ಹಿಡಿದು ಓದಿದಳು. ಬೀಗರ ಊರು ಅಮ್ಮಿನಬಾವಿ, ಅದರಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಅವಳದೇ ಕೈತಪ್ಪು. ಒಬ್ಬಳೇ ನಕ್ಕಳು, ತಿದ್ದಿದಳು, ಮತ್ತೆ ತೆಗೆದಳು, ಮತ್ತೆ ಓದಿದಳು. ಆಮೇಲೆ ಬೆರಳು ಅದ್ದಿ ನಾಲ್ಕೂ ಮೂಲೆಗೆ ಹಚ್ಚಿ, ಒರೆಸಿಕೊಳ್ಳುವುದನ್ನು ಮರೆತು, ಅದೇ ಬೆರಳಲ್ಲಿ ಮುಂದಿನ ಕೆಲಸಕ್ಕೆ ಮೌಸು ಹಿಡಿದಳು.

ಬೆಳಗ್ಗೆ ಮಂಜುನಾಥ ಮೌಸಿನ ಮೇಲಿನ ಆ ಹಳದಿ ಬೊಟ್ಟು ನೋಡಿ, ಒರೆಸಲು ಅರಿವೆ ತೆಗೆದುಕೊಂಡು ಬಂದ. ಬಸಣ್ಣನವರು ಊದುಬತ್ತಿ ಬೆಳಗುತ್ತಿದ್ದವರು ಅಲ್ಲಿಂದಲೇ ಕೈ ಮಾಡಿದರು.

"ಇರ್ಲಿ ಬಿಡೋ ಮಂಜ್ಯಾ. ನಾವು ಸ್ವಚ್ಛ ಮಾಡಿದ್ದು ಸಾಕು."